ಕರಡಿಯ ಮೈಮೇಲಿನ ಧೂಳು

ನಮ್ಮನೆಯವರು ಇಪ್ಪತ್ತೆರಡು ವರ್ಷ ಹುಲಿ, ಕರಡಿ, ಕಾಡುಕೋಣಗಳ ಜೊತೆ ಕೆಲಸ ಮಾಡಿದ್ದಾರೆ ಅನ್ನೋದು ಸುಳ್ಳಲ್ಲ. ಅವುಗಳ ಹೊಟ್ಟೆಯೊಳಗೆ ಒಣಹುಲ್ಲು ತುಂಬಿತ್ತು ಅನ್ನೋದನ್ನ ಅವರು ಬರೀಲಿಲ್ಲ, ಅಷ್ಟೇ. ಮನುಷ್ಯ ಎಲ್ಲವನ್ನೂ ಬರೀತಾ ಕೂತ್ಕೊಳ್ಳೋಕಾಗುತ್ತಾ? ಆ ಫಾರಂನಲ್ಲಿ ಜಾಗ ಇದ್ದಿದ್ದೇ ಒಂದು ಸಾಲು.

ಮೊದಲಿಂದ ಹೇಳ್ತೀನಿ. ನಮ್ಮೂರಿನ ಮ್ಯೂಸಿಯಂನಲ್ಲಿ ಮೂವತ್ತೆರಡು ಮೆಟ್ಟಿಲು ಹತ್ತಿ ಹೋದ್ರೆ ಮೇಲೆ ಒಂದು ಉದ್ದನೆ ಹಾಲ್ ಇದೆ. ಅಲ್ಲಿ ಮೂವತ್ತೊಂದು ಪ್ರಾಣಿಗಳು ಹಲಗೆ ಮೇಲೆ ನಿಂತಿವೆ. ಅವುಗಳ ಧೂಳು ಒರೆಸೋದು ನಮ್ಮನೆಯವರ ಕೆಲಸ. ಧೂಳು ಒರೆಸೋದು ಅಂದ್ರೆ ಅವರಿಗೆ ಕೋಪ ಬರುತ್ತೆ, ಸಂರಕ್ಷಣೆ ಅನ್ನಬೇಕು. ಹುಲಿಗೆ ಮೆತ್ತನೆ ಬ್ರಷ್, ಕರಡಿಗೆ ಬಿರುಸು ಕೂದಲಿನ ಬ್ರಷ್, ಮೊಸಳೆಯ ಹಲ್ಲಿನ ಸಂದಿಗೆ ನಮ್ಮ ಮಗಳು ಬಿಸಾಕಿದ ಹಳೇ ಹಲ್ಲುಜ್ಜೋ ಬ್ರಷ್. ತಲೆಯಿಂದ ಬಾಲದ ಕಡೆಗೆ, ಕೂದಲು ಮಲಗಿದ ದಿಕ್ಕಿಗೇ ಎಳೀಬೇಕು. ಕೊನೆಗೆ ಕಿವಿ ಎತ್ತಿ ಒಳಗೆ ಉಫ್ ಅಂತ ಊದಬೇಕು, ಯಾಕಂದ್ರೆ ನುಸಿ ಮೊಟ್ಟೆ ಇಡೋದು ಅಲ್ಲೇ ಅಂತೆ. ಇಷ್ಟೂ ಮಾಡ್ತಾ ಅವುಗಳ ಜೊತೆ ಮಾತಾಡ್ತಾನೂ ಇರ್ತಾರೆ. ತಲೆ ಅಲ್ಲಾಡಿಸಬೇಡ, ಹಾಂ, ಜಾಣ, ಇನ್ನೊಂದು ಕಿವಿ ಅಂತ. ನನ್ನ ಹತ್ರ ಅಷ್ಟು ಮೆತ್ತಗೆ ಮಾತಾಡಿದ್ದು ನನಗೆ ನೆನಪಿಲ್ಲ. ನಾನು ತಿರುಗಿ ಮಾತಾಡ್ತೀನಲ್ಲ, ಅದಕ್ಕಿರಬೇಕು.

ಹೀಗಿರೋವಾಗ ಮ್ಯೂಸಿಯಂ ಇಲಾಖೆಗೆ ಹೊಸ ಸಾಹೇಬರು ಬಂದ್ರು. ಅವರ ಕಚೇರಿ ಊರಿನ ಆ ತುದಿ, ಮ್ಯೂಸಿಯಂ ಈ ತುದಿ. ಆ ಮೂವತ್ತೆರಡು ಮೆಟ್ಟಿಲು ಅವರು ಒಂದು ಸಲಾನೂ ಹತ್ತಲಿಲ್ಲ. ಕೂತ ಜಾಗದಿಂದಲೇ ಒಂದು ಫೈಲ್ ಶುರು ಮಾಡಿದ್ರು. ಸತ್ತ ಪ್ರಾಣಿ ನೋಡೋಕೆ ಈ ಕಾಲದಲ್ಲಿ ಯಾರು ಬರ್ತಾರೆ, ಹಾಲ್ ಖಾಲಿ ಮಾಡಿಸಿ, ಅಲ್ಲೊಂದು ದೊಡ್ಡ ಪರದೆ ಹಾಕಿ, ಜೀವ ಇರೋ ಪ್ರಾಣಿಗಳ ವಿಡಿಯೋ ತೋರಿಸೋಣ ಅಂತ. ಹಳೇವನ್ನ ಏನು ಮಾಡೋದು ಅನ್ನೋ ಜಾಗದಲ್ಲಿ 'ವಿಲೇವಾರಿ' ಅಂತ ಒಂದೇ ಪದ ಇತ್ತು. ಸಹಿ ಮಾತ್ರ ಬಾಕಿ.

ಅವತ್ತಿಂದ ನಮ್ಮನೆಯವರು ಊಟದ ತಟ್ಟೆ ಮುಂದೆ ಕೂತು ಗೋಡೆ ನೋಡೋಕೆ ಶುರು ಮಾಡಿದ್ರು. ಸಾಹೇಬರ ಕಚೇರಿಗೆ ಮೂರು ಸಲ ಹೋಗಿಬಂದ್ರು. ಮೂರು ಸಲಾನೂ ಬಾಗಿಲ ಹತ್ರ ಜವಾನ ಏನು ಬೇಕು ಅಂತ ಕೇಳಿದ, ಇವರು ಟೈಮ್ ಎಷ್ಟು ಅಂತ ಕೇಳಿ ವಾಪಸ್ ಬಂದ್ರು. ನನಗೆ ಸಿಟ್ಟು ಬಂದು ಬೈದೆ. ಬೈದ ಮೇಲೆ ಅಳು ಬಂತು. ಎಷ್ಟೇ ಆಗಲಿ ಆ ಕರಡಿ ನಮ್ಮ ಮದುವೆಯಷ್ಟೇ ಹಳೇದು.

ಸಾಹೇಬರಿಗೆ ಸೈಕಲ್ ಹುಚ್ಚು ಅನ್ನೋದು ನಮಗೆ ಗೊತ್ತಾಗಿದ್ದು ಬೇಕರಿ ಅಕ್ಕನಿಂದ. ಅವಳು ಅವರ ಸೈಕಲ್ ತಂಡದಲ್ಲಿದ್ದಳು. ಎಂಟು ದಿನ, ಆರುನೂರು ಕಿಲೋಮೀಟರ್, ಐದನೇ ದಿನ ಕಾಡು ದಾಟೋದು ಅಂತ ಒಂದು ಪ್ರವಾಸ ಗೊತ್ತಾಗಿತ್ತು. ವಾಪಸ್ ಬಂದ ಸೋಮವಾರ ಸಾಹೇಬರು ಫೈಲಿಗೆ ಸಹಿ ಹಾಕೋರು. ನಮ್ಮನೆಯವರು ಅದನ್ನ ಕೇಳಿ ಗೋಡೆಯಿಂದ ಕಣ್ಣು ತೆಗೆದ್ರು. ಎಂಟು ದಿನ ಪಕ್ಕದಲ್ಲೇ ಸೈಕಲ್ ತುಳಿದ್ರೆ ಎಲ್ಲಾದ್ರೂ ಒಂದು ಕಡೆ ಬಾಯಿ ಬಿಡಬಹುದು ಅನ್ನೋದು ಅವರ ಲೆಕ್ಕ. ಮನೆಯಿಂದ ಮ್ಯೂಸಿಯಂಗೆ ಮೂರು ಕಿಲೋಮೀಟರ್ ತುಳಿಯೋದರಲ್ಲೇ ಎರಡು ಸಲ ಇಳಿದು ನೀರು ಕುಡಿಯೋ ಮನುಷ್ಯ ಅವರು ಅನ್ನೋದನ್ನ ನಾನು ನೆನಪು ಮಾಡಿದೆ. ಕೇಳಲಿಲ್ಲ.

ಸೇರೋ ಫಾರಂನಲ್ಲಿ 'ಅನುಭವ' ಅಂತ ಒಂದು ಸಾಲಿತ್ತು. ಸೈಕಲ್ಲಿನ ಅನುಭವ ಬರೀಬೇಕಾಗಿತ್ತು. ಇವರು ಬರೆದಿದ್ದು: ಹುಲಿ, ಕರಡಿ, ಕಾಡುಕೋಣಗಳ ಜೊತೆ ಇಪ್ಪತ್ತೆರಡು ವರ್ಷ. ಇದನ್ನ ಓದಿದ ಸಾಹೇಬರು ಇದೇನಪ್ಪ ಅಂತ ಕರೆದು ಕೇಳ್ತಾರೆ, ಆಗ ಮೆಲ್ಲಗೆ ಹಾಲ್ ವಿಷಯ ತೆಗೀಬಹುದು ಅಂತ ಇವರ ಉಪಾಯ. ಸಾಹೇಬರು ಕರೆದ್ರು, ಆದ್ರೆ ಏನೂ ಕೇಳಲಿಲ್ಲ. ಎದ್ದು ನಿಂತು ಕೈ ಕುಲುಕಿದ್ರು. ಕಾಡು ಬಲ್ಲವರೊಬ್ಬರು ಸಿಕ್ಕಿದ್ದು ನಮ್ಮ ಪುಣ್ಯ ಅಂದ್ರು. ಇವರ ಸೈಕಲ್ಲಿಗೆ ಕೆಂಪು ಬಾವುಟ ಕಟ್ಟಿಸಿ, ಎಲ್ಲರಿಗಿಂತ ಮುಂದೆ ಹೋಗೋ ಮುಂದಾಳು ಅಂತ ಘೋಷಣೆ ಮಾಡಿದ್ರು. ಬಾಯಲ್ಲಿ ಬಿಸಿತುಪ್ಪ. ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ.

ಮನೆಗೆ ಬಂದು ನನ್ನಿಂದ ಮಾತು ತಗೊಂಡ್ರು, ನಿಜ ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂತ. ಕೊಟ್ಟೆ. ಆದ್ರೆ ಒಬ್ಬರನ್ನೇ ಕಳಿಸೋಕೆ ನನಗೇನು ತಲೆ ಕೆಟ್ಟಿತ್ತಾ? ತಂಡದ ಹಿಂದೆ ಸಾಮಾನಿನ ವ್ಯಾನ್ ಒಂದಿತ್ತು, ಅದರಲ್ಲಿ ಚಹಾ, ಬ್ರೆಡ್ಡು, ಬಾಳೆಹಣ್ಣು ನೋಡ್ಕೊಳ್ಳೋಕೆ ಒಬ್ಬರು ಬೇಕಾಗಿತ್ತು. ನಾನು ಡ್ರೈವರ್ ಪಕ್ಕ ಹತ್ತಿ ಕೂತೆ.

ಹೊರಟಿದ್ದು ಹನ್ನೆರಡು ಜನ. ಹನ್ನೊಂದು ಸೈಕಲ್ಲುಗಳು ಬೆರಳಲ್ಲಿ ಎತ್ತೋ ಅಷ್ಟು ಹಗುರ. ಹನ್ನೆರಡನೇದು ನಮ್ಮನೆಯವರದು. ಅದಕ್ಕೆ ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು, ಬೀಗ ಎಲ್ಲ ಇತ್ತು, ಓಡೋದೊಂದು ಬಿಟ್ಟು. ಕ್ಯಾರಿಯರಿಗೆ ಒಂದು ಚೀಲ, ಅದರಲ್ಲಿ ಕರಡಿಯ ಬ್ರಷ್. ಬ್ರಷ್ ಯಾಕೆ ಅಂದ್ರೆ ಕೈಗೆ ಅಭ್ಯಾಸ ಅಂದ್ರು. ಸಂಜೆ ಅದರಲ್ಲಿ ಸೈಕಲ್ ಉಜ್ಜೋರು, ತಲೆಯಿಂದ ಬಾಲದ ಕಡೆಗೆ.

ಮೊದಲ ದಿನ ಎಪ್ಪತ್ತು ಕಿಲೋಮೀಟರ್ ಎದುರುಗಾಳಿ. ಎರಡನೇ ದಿನದಿಂದ ನಮ್ಮನೆಯವರು ನಿಂತೇ ಊಟ ಮಾಡಿದ್ರು, ನಿಂತೇ ಚಹಾ ಕುಡಿದ್ರು. ಕೂತ್ಕೊಳ್ಳಿ ಅಂದ್ರೆ, ಕಾಡಿನ ಜನ ಕೂತು ತಿನ್ನೋದಿಲ್ಲ ಅಂತ ಸಾಹೇಬರೇ ಇವರ ಪರವಾಗಿ ಎಲ್ಲರಿಗೂ ವಿವರಿಸಿದ್ರು. ಮೂರನೇ ದಿನ ನೋಡ್ತೀನಿ, ಸಾಹೇಬರೂ ನಿಂತು ತಿನ್ನೋಕೆ ಶುರು ಮಾಡಿದ್ದಾರೆ. ಬೇಕರಿ ಅಕ್ಕ ಒಬ್ಬಳೇ ಕಲ್ಲಿನ ಮೇಲೆ ಆರಾಮಾಗಿ ಕೂತು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅವಳಿಗೆ ಮ್ಯೂಸಿಯಂ ವಿಷಯ ಗೊತ್ತಿತ್ತು. ಹೇಳೋಳಲ್ಲ, ನಗೋಳು ಅಷ್ಟೇ.

ಅವತ್ತೇ ಮಂಗಗಳ ಹಿಂಡು ಬಂದು ವ್ಯಾನಿನೊಳಗಿದ್ದ ಬಾಳೆಹಣ್ಣು ಎಳ್ಕೊಂಡು ಹೋಯಿತು. ಒಂದು ದೊಡ್ಡ ಮಂಗ ಹಲ್ಲಿನ ಡಾಕ್ಟರ ಕಪ್ಪು ಕನ್ನಡಕ ಕಿತ್ಕೊಂಡು ಮರ ಹತ್ತಿತು. ಈ ಹಲ್ಲಿನ ಡಾಕ್ಟರು ತಂಡದಲ್ಲಿ ಎಲ್ಲರಿಗಿಂತ ಒಳ್ಳೇ ಸೈಕಲ್ಲು, ಎಲ್ಲರಿಗಿಂತ ಕೆಟ್ಟ ಬಾಯಿ ಇದ್ದೋರು. ಅವರಿಗೆ ಮೊದಲಿಂದಲೂ ನಮ್ಮನೆಯವರ ಮೇಲೆ ಅನುಮಾನ. ಎಲ್ಲಿ, ನಿಮ್ಮ ಅನುಭವ ಈಗ ತೋರಿಸಿ ಅಂದ್ರು. ನಮ್ಮನೆಯವರು ಮರದ ಕಡೆ ಒಂದ್ಸಲ ನೋಡಿದ್ರು. ಮಂಗ ನನ್ನ ವಿಭಾಗಕ್ಕೆ ಬರೋದಿಲ್ಲ, ಅದು ಕೆಳಗಿನ ಮಹಡಿ ಅಂದ್ರು. ಅದು ನಿಜ, ನಮ್ಮ ಮ್ಯೂಸಿಯಂನಲ್ಲಿ ಮಂಗಗಳನ್ನ ಕೆಳಗೇ ಇಟ್ಟಿದ್ದಾರೆ. ಸಾಹೇಬರು ಮಾತ್ರ ಬಹಳ ಹೊತ್ತು ತಲೆ ಆಡಿಸಿದ್ರು. ಕಾಡಿಗೂ ಮಹಡಿಗಳಿವೆ, ನಾವು ಗಮನಿಸೋದಿಲ್ಲ ಅಂತ ಡೈರಿಯಲ್ಲಿ ಬರ್ಕೊಂಡ್ರು.

ಡಾಕ್ಟರು ಬಿಡಲಿಲ್ಲ. ನಾಲ್ಕನೇ ದಿನ ಚಹಾ ಹೊತ್ತಿಗೆ ಎಲ್ಲರೆದುರಿಗೆ ಕೇಳಿದ್ರು.

"ಅಲ್ಲ ಸ್ವಾಮಿ, ಹುಲಿ ಜೊತೆ ಇದ್ದೋರಲ್ವಾ ನೀವು. ಹುಲಿಗೆ ಹಲ್ಲೆಷ್ಟು, ಹೇಳಿ ನೋಡೋಣ."

"ಮೂವತ್ತು," ಅಂದ್ರು ನಮ್ಮನೆಯವರು. "ನಮ್ಮದಕ್ಕೆ ಇಪ್ಪತ್ತೊಂಬತ್ತು."

"ಯಾರು ಎಣಿಸಿದ್ದು?"

"ನಾನೇ. ವಾರಕ್ಕೊಂದ್ಸಲ ಉಜ್ಜೋವಾಗ ಎಣಿಸ್ತೀನಿ."

ಡಾಕ್ಟರ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. "ಹುಲಿ ಬಾಯಿ ಹೇಗೆ ತೆಗೆಸ್ತೀರಿ?"

"ತೆಗೆದೇ ಇರುತ್ತಲ್ಲ."

ಮೂವತ್ತು ವರ್ಷದಿಂದ ಜನರಿಗೆ ಬಾಯಿ ದೊಡ್ಡದಾಗಿ ತೆಗೀರಿ ಅಂತ ಬೇಡಿಕೊಂಡು ಬದುಕಿದ ಮನುಷ್ಯ ಆ ಡಾಕ್ಟರು. ಆಮೇಲೆ ಅವತ್ತೆಲ್ಲ ಮಾತಾಡಲಿಲ್ಲ. ಸಾಹೇಬರಂತೂ ಇವರ ಸೈಕಲ್ಲಿಗೆ ತಾವೇ ಗಾಳಿ ಹೊಡೆದುಕೊಟ್ರು. ಇವರು ಗಾಳಿ ಪಂಪಿನ ಹತ್ರ ಬಗ್ಗಿ, ಸಾರ್, ಒಂದು ಮಾತು ಅಂತ ಶುರು ಮಾಡಿದ್ರು. ಸಾಹೇಬರು ತಲೆ ಎತ್ತಿ, ನೀವೇ ಒಂದು ಮಾತು ಹೇಳಿ, ಹೊಸ ಪರದೆ ಮೇಲೆ ಮೊದಲು ಯಾವ ಪ್ರಾಣಿ ತೋರಿಸೋಣ ಅಂತ ಕೇಳಿದ್ರು. ಇವರು ಟೈಮ್ ಎಷ್ಟು ಅಂತ ಕೇಳಿ ವಾಪಸ್ ಬಂದ್ರು.

ಐದನೇ ದಿನ ಬೆಳಿಗ್ಗೆ ಕಾಡಿನ ಗೇಟು. ಬಾವುಟ ಕಟ್ಟಿದ ಸೈಕಲ್ ಮುಂದೆ, ಉಳಿದವರು ಹಿಂದೆ, ಎಲ್ಲರಿಗಿಂತ ಹಿಂದೆ ವ್ಯಾನು. ತಿರುವಿನಲ್ಲಿ ನಮ್ಮನೆಯವರು ಗಕ್ಕನೆ ನಿಂತು ಕೈ ಎತ್ತಿದ್ರು. ರಸ್ತೆ ಪಕ್ಕ ಪೊದೆಯಾಚೆ ಒಂದು ಕಾಡುಕೋಣ ಇವರನ್ನೇ ನೋಡ್ತಾ ನಿಂತಿತ್ತು. ಮಲಗಿ ಅಂತ ಸನ್ನೆ ಮಾಡಿದ್ರು. ಹನ್ನೊಂದು ಜನ ಸೈಕಲ್ ಸಮೇತ ಹುಲ್ಲಿನಲ್ಲಿ ಮಲಗಿದ್ರು. ಕೆಂಜಿಗದ ಸಾಲು ಸಾಹೇಬರ ಚಡ್ಡಿಯೊಳಗೆ ಹೋಗಿ ಅತ್ತ ಕಡೆಯಿಂದ ಹೊರಗೆ ಬಂತು, ಅವರು ಉಸಿರೆತ್ತಲಿಲ್ಲ. ನಲವತ್ತು ನಿಮಿಷ. ಕೋಣವೂ ಅಲುಗಲಿಲ್ಲ, ಇವರೂ ಅಲುಗಲಿಲ್ಲ.

ಆಮೇಲೆ ಗೇಟಿನ ಕೋಣೆಯಿಂದ ಕಾಡಿನ ಗಾರ್ಡು ಹೊರಗೆ ಬಂದ. ಈಗಷ್ಟೇ ಸ್ನಾನ ಮಾಡಿದ್ದ. ನೇರ ಹೋಗಿ ಒದ್ದೆ ಟವೆಲನ್ನ ಕೋಣದ ಕೊಂಬಿಗೆ ನೇತುಹಾಕಿದ.

ಸಿಮೆಂಟಿನದು. ಇಲಾಖೆಯವರು ಅಂದಕ್ಕೆ ನಿಲ್ಲಿಸಿದ್ದು. ಗಾರ್ಡು ಹುಲ್ಲಿನಲ್ಲಿ ಮಲಗಿರೋರನ್ನ ಒಬ್ಬೊಬ್ಬರನ್ನಾಗಿ ನೋಡಿ, ಸೇತುವೆ ಹತ್ರ ಇಂಥದ್ದೇ ಒಂದು ಕರಡಿ ಇದೆ, ಅದನ್ನ ನೋಡಿ ಮತ್ತೆ ಮಲಗಬೇಡಿ, ಅಲ್ಲಿ ಮುಳ್ಳು ಜಾಸ್ತಿ ಅಂದ. ಡಾಕ್ಟರಿಗೆ ನಿನ್ನೆಯಿಂದ ಕಟ್ಟಿಹೋಗಿದ್ದ ಬಾಯಿ ಒಟ್ಟಿಗೆ ವಾಪಸ್ ಬಂತು. ಅವರು ಅಂದಿದ್ದನ್ನ ನಾನಿಲ್ಲಿ ಹೇಳೋಲ್ಲ. ಸಾಹೇಬರು ಇರುವೆ ಕೊಡವಿಕೊಂಡು ಎದ್ದು, ಬಾವುಟ ಬಿಚ್ಚಿ ಡಾಕ್ಟರ ಸೈಕಲ್ಲಿಗೆ ಕಟ್ಟಿದ್ರು.

ನಮ್ಮನೆಯವರು ವ್ಯಾನಿನ ಹತ್ರ ಬಂದು ಇಂಗು ತಿಂದ ಮಂಗನ ಹಾಗೆ ನಿಂತ್ರು. ನಾನು ಕೆಳಗಿಳಿದು ಹೇಳಿದೆ, ಮಾನ ಹೋಗಿದ್ದು ಒಳ್ಳೇದಾಯ್ತು, ಇನ್ನು ಕಳ್ಕೊಳ್ಳೋಕೆ ಏನಿಲ್ಲ, ಸೇತುವೆ ಹತ್ರ ಚಹಾಕ್ಕೆ ನಿಲ್ತೀವಿ, ಅಲ್ಲಿ ನೇರ ಹೋಗಿ ಹೇಳಿಬಿಡಿ ಅಂತ. ಹ್ಞೂಂ ಅಂದ್ರು. ನಾನು ಸ್ವಲ್ಪ ಮುಂದೆ ಹೋಗ್ತಿರ್ತೀನಿ, ಮಾತು ಬಾಯಿಪಾಠ ಮಾಡ್ಕೋಬೇಕು ಅಂದ್ರು. ಡಾಕ್ಟರ ಚೈನ್ ಕಳಚಿ ಎಲ್ಲರೂ ನಿಂತಿದ್ದಾಗ ಇವರು ತಮ್ಮ ಕಬ್ಬಿಣದ ಗಾಡಿ ತುಳೀತಾ ತಿರುವಿನಲ್ಲಿ ಮರೆಯಾದ್ರು.

ಚೈನ್ ಸರಿಯಾಗಿ ನಾವು ಹೊರಟು ಕೊನೇ ತಿರುವು ದಾಟಿದ್ವಿ. ಎದುರಿಗೆ ಸೇತುವೆ. ಸೇತುವೆಯ ಈಚೆ ರಸ್ತೆ ಪಕ್ಕ ಎದೆಯೆತ್ತರದ ಹುತ್ತ. ಹುತ್ತದ ಬುಡದಲ್ಲಿ ಒಂದು ಕರಡಿ, ಭುಜದ ತನಕ ತಲೆ ಒಳಗೆ ತೂರಿಸಿ, ನಮಗೆ ಬೆನ್ನು ಹಾಕಿ ಕೂತಿದೆ. ಅದರ ಪಕ್ಕ ಮೊಣಕಾಲೂರಿ ನಮ್ಮನೆಯವರು ಅದರ ಮೈ ಉಜ್ಜುತ್ತಿದ್ದಾರೆ.

ಡಾಕ್ಟರು ನಕ್ಕರು. ಸಿಮೆಂಟಿನದು ಅಂತ ಗೊತ್ತಾದ ಮೇಲೆ ಧೈರ್ಯ ನೋಡಿ, ವಿಡಿಯೋ ಮಾಡ್ತೀನಿ ಅಂತ ಫೋನ್ ತೆಗೆದ್ರು. ಆಗ ಬೇಕರಿ ಅಕ್ಕ ಅವರ ತೋಳು ಹಿಡಿದು ಸೇತುವೆಯ ಆಚೆ ಬದಿ ತೋರಿಸಿದಳು. ಅಲ್ಲಿ, ಬಣ್ಣ ಹಾರಿದ, ಮೂಗು ಮುರಿದ ಸಿಮೆಂಟಿನ ಕರಡಿ ಎರಡು ಕಾಲ ಮೇಲೆ ನಿಂತಿತ್ತು.

ಡ್ರೈವರ್ ಎಂಜಿನ್ ಆರಿಸಿದ. ಕೂಗಿದ್ರೆ ಕರಡಿ ತಿರುಗುತ್ತೆ, ಕೂಗದಿದ್ರೆ ಇವರು ಬಿಡೋದಿಲ್ಲ, ಇನ್ನೂ ಬಾಲದ ಕಡೆ ಬಂದಿರಲಿಲ್ಲ. ನಲವತ್ತು ಹೆಜ್ಜೆ ದೂರದಲ್ಲಿ ನಾವು ಕಲ್ಲಾಗಿ ನಿಂತಿದ್ವಿ. ಗಾಳಿ ನಮ್ಮ ಕಡೆಗೇ ಬೀಸ್ತಿತ್ತು, ಅವರ ಒಂದೊಂದು ಮಾತೂ ಕೇಳಿಸ್ತಿತ್ತು. ಇವರ ಇಪ್ಪತ್ತೆರಡು ವರ್ಷದ ಕಣ್ಣು ನೋಡಿ, ಸಿಮೆಂಟಲ್ಲ, ಕೂದಲಿನದು ಅಂತ ಕಂಡುಹಿಡಿದಿತ್ತು. ಅಲ್ಲಿಗೆ ನಿಂತುಬಿಟ್ಟಿತ್ತು. ಹುಲ್ಲು ತುಂಬಿದ ಒಳ್ಳೇ ಕರಡೀನ ಇಲಾಖೆಯವರು ಬಿಸಿಲಿಗೆ, ಮಣ್ಣಿಗೆ ಬಿಸಾಕಿದ್ದಾರೆ ಅಂತ ಇವರಿಗೆ ಸಿಟ್ಟು. ಎಂಥಾ ಧೂಳು, ಯಾರಪ್ಪ ನಿನ್ನನ್ನ ಇಲ್ಲಿ ತಂದಿಟ್ಟೋರು, ಅವರಿಗೆ ಒಂದಿಷ್ಟು ಕರುಣೆ ಬೇಡ್ವಾ ಅಂತ ಬೈತಾ ಬ್ರಷ್ ಎಳೀತಿದ್ರು. ಕರಡಿ ಒಳಗೆ ಗೆದ್ದಲು ಹೀರ್ತಾ ಇತ್ತು. ಬೆನ್ನಿಗೆ ಗೆದ್ದಲು ಹತ್ತಿ ತುರಿಕೆ ಬಂದಿತ್ತೋ ಏನೋ, ಬ್ರಷ್ ಬಿದ್ದ ಕಡೆ ಮೈ ಒತ್ತಿ ಕೊಡ್ತಿತ್ತು.

ಬೈಗುಳ ಮುಗೀತು. ಬಾಯಿಪಾಠ ಶುರುವಾಯ್ತು.

"ಸಾರ್," ಅಂದ್ರು ಕರಡಿ ಬೆನ್ನಿಗೆ. "ತಾವು ಕಾಗದ ನೋಡಿದೀರಿ, ನಮ್ಮನ್ನ ನೋಡಿಲ್ಲ."

ಕರಡಿಗೆ ಸಾರ್ ಅಂತಿದ್ದಾರೆ ಅಂತ ಡಾಕ್ಟರು ಉಸಿರಲ್ಲೇ ಹೇಳಿದ್ರು. ವಿಡಿಯೋ ಓಡ್ತಾನೇ ಇತ್ತು, ಆಫ್ ಮಾಡೋದು ಅವರಿಗೆ ಮರೆತೇಹೋಗಿತ್ತು.

"ಮೂವತ್ತೆರಡೇ ಮೆಟ್ಟಿಲು ಸಾರ್. ಆರುನೂರು ಕಿಲೋಮೀಟರ್ ತುಳಿಯೋರು ತಾವು, ಮೂವತ್ತೆರಡು ಮೆಟ್ಟಿಲು ಹತ್ತಿ ಮೇಲಿನ ಹಾಲಿಗೆ ಒಂದ್ಸಲ ಬನ್ನಿ. ಆ ಫಾರಂನಲ್ಲಿ ನಾನು ಪೂರ್ತಿ ಬರೀಲಿಲ್ಲ, ತಪ್ಪಾಯ್ತು. ನಾನು ಕಾಡಿನವನಲ್ಲ ಸಾರ್, ಧೂಳು ಒರೆಸೋನು. ಆದ್ರೆ ಹಾಲ್ ಮುಚ್ಚಬೇಡಿ. ಅವು ಒಂದ್ಸಲ ಸತ್ತಿವೆ. ಎರಡನೇ ಸಲ ಸಾಯಿಸಬೇಡಿ."

ನಾನು ಸಾಹೇಬರ ಮುಖ ನೋಡಿದೆ. ಅದು ಮೊದಲು ಕೆಂಪಾಯ್ತು, ಆಮೇಲೆ ಬಿಳೀ ಆಯ್ತು.

ನಮ್ಮನೆಯವರು ಬಾಲದ ತನಕ ಮುಗಿಸಿ, ಪದ್ಧತಿ ಪ್ರಕಾರ ಮುಂದೆ ಸರಿದ್ರು. ಹುತ್ತದ ಮಣ್ಣು ಸರಿಸಿ ಕಿವಿ ಹುಡುಕಿದ್ರು. ಎತ್ತಿದ್ರು. ಅಬ್ಬಬ್ಬಾ, ಬಿಸಿಲಿಗೆ ಕಾದು ಎಷ್ಟು ಬೆಚ್ಚಗಾಗಿದೆ ಅಂತ ಮರುಗಿದ್ರು.

"ತಲೆ ಅಲ್ಲಾಡಿಸಬೇಡ," ಅಂದು ಉಫ್ ಅಂತ ಊದಿದ್ರು.

ತಲೆ ಅಲ್ಲಾಡಿತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಇವರ ಮಾತು ಮೀರಿದ ಮೊದಲ ಪ್ರಾಣಿ ಅದು. ಹುತ್ತದಿಂದ ಹೊರಗೆ ಬಂದು, ಮೂಗಿನ ತುಂಬ ಮಣ್ಣು ಮೆತ್ಕೊಂಡು, ಇವರ ಮುಖಕ್ಕೆ ಮುಖ ಕೊಟ್ಟು ನೋಡಿತು. ಇವರೂ ನೋಡಿದ್ರು. ಆಮೇಲೆ ಕರಡಿ ಗಟ್ಟಿಯಾಗಿ ಸೀನಿತು. ಇವರ ಕನ್ನಡಕದ ಎರಡೂ ಗಾಜು ಕೆಸರಾಯ್ತು. ಕಿವಿಗೆ ಊದಿಸಿಕೊಂಡಿದ್ದು ಆ ಜೀವಕ್ಕೂ ಜನ್ಮದಲ್ಲಿ ಅದೇ ಮೊದಲು. ಏನು ಮಾಡೋದು ಅಂತ ಅದಕ್ಕೂ ತೋಚಲಿಲ್ಲ ಅಂತ ಕಾಣುತ್ತೆ. ಒಂದೆರಡು ಸಲ ತಲೆ ಕೊಡವಿ, ಎದ್ದು, ಗುರ್ ಅಂತ ಗೊಣಗ್ತಾ ಹಳ್ಳಕ್ಕಿಳಿದು ಹೋಯ್ತು. ಬೆನ್ನು ಮಾತ್ರ ಮಿರಮಿರ ಮಿಂಚ್ತಿತ್ತು.

ನಾನು ಎಲ್ಲರಿಗಿಂತ ಮೊದಲು ಓಡಿದೆ. ನಮ್ಮನೆಯವರು ಬ್ರಷ್ ಎತ್ತಿದ ಕೈ ಎತ್ತಿದ ಹಾಗೇ, ಬಾಯಿ ಅರ್ಧ ತೆಗೆದು, ಹಲಗೆ ಮೇಲೆ ಮೊಳೆ ಹೊಡೆದು ನಿಲ್ಲಿಸಿದ ಹಾಗಿದ್ರು. ಕರೆದೆ, ಅಲುಗಾಡಿಸಿದೆ, ಕೆನ್ನೆ ತಟ್ಟಿದೆ. ಉಹೂಂ. ಕೊನೆಗೆ ಕಿವಿಗೆ ಊದಿದೆ. ಆಗ ಕಣ್ಣು ಮಿಟುಕಿಸಿದ್ರು.

ಸಾಹೇಬರು ಬಂದು ಎದುರಿಗೆ ನಿಂತ್ರು. ಕೈ ಜೋಡಿಸಬೇಕೋ ಬೈಬೇಕೋ ಗೊತ್ತಾಗದೆ ಎರಡೂ ಕೈಯನ್ನ ಜೇಬಿನಲ್ಲಿಟ್ಕೊಂಡ್ರು. ನೀವು ಹೇಳಿದ್ದು ಯಾವ ಹಾಲ್ ಅಂತ ಕೇಳಿದ್ರು.

"ನಿಮ್ಮದೇ ಸಾರ್," ಅಂದ್ರು ನಮ್ಮನೆಯವರು. ಸ್ವಲ್ಪ ಬಿಟ್ಟು, "ಟೈಮ್ ಎಷ್ಟು?" ಅಂದು ಅಲ್ಲೇ ಕೂತ್ರು. ನಾಲ್ಕು ದಿನದಲ್ಲಿ ಅವರು ನೆಲಕ್ಕೆ ಕೂತಿದ್ದು ಅದೇ ಮೊದಲು.

ಬೇಕರಿ ಅಕ್ಕ ನಗೋಕೆ ಶುರು ಮಾಡಿದಳು, ಡ್ರೈವರ್ ಸೇರಿದ, ಆಮೇಲೆ ಡಾಕ್ಟರು ಸೈಕಲ್ ಬೀಳಿಸಿ ಹೊಟ್ಟೆ ಹಿಡ್ಕೊಂಡ್ರು. ನಾನು ನಕ್ಕೆನೋ ಅತ್ತೆನೋ ನನಗೇ ಗೊತ್ತಿಲ್ಲ. ಸಾಹೇಬರು ಮಾತ್ರ ನಗಲಿಲ್ಲ. ಉಳಿದ ಮೂರು ದಿನ ನಮ್ಮನೆಯವರ ಪಕ್ಕದಲ್ಲೇ ತುಳಿದ್ರು. ಇವರು ಪೊದೆ ಕಂಡಲ್ಲೆಲ್ಲ ಇಳಿದು ನಿಲ್ತಿದ್ರು, ಅವರೂ ಇಳಿದು ಕಾಯ್ತಿದ್ರು.

ನಾವು ಊರು ಸೇರೋದರೊಳಗೆ ಡಾಕ್ಟರ ವಿಡಿಯೋ ಊರೆಲ್ಲ ಸುತ್ತಿತ್ತು. ಇಲಿ ಹೋಯ್ತು ಅಂದ್ರೆ ಹುಲಿ ಹೋಯ್ತು ಅನ್ನೋ ಊರು ನಮ್ಮದು. ಪಕ್ಕದ ಮನೆಯವಳ ಲೆಕ್ಕದಲ್ಲಿ ಕರಡಿಗಳು ಮೂರಾಗಿದ್ವು. ನನ್ನ ನಾದಿನಿ ಫೋನ್ ಮಾಡಿ, ನಮ್ಮಣ್ಣ ಚಿಕ್ಕಂದಿನಿಂದಲೂ ಹಾಗೇ, ಧೈರ್ಯ ಅಂದ್ರೆ ಧೈರ್ಯ ಅಂದಳು. ಜಿರಲೆ ಕಂಡ್ರೆ ಮಂಚ ಹತ್ತೋ ಅಣ್ಣ ಅದು.

ಸೋಮವಾರ ಬಂತು. ಸಾಹೇಬರು ಫೈಲ್ ಕಂಕುಳಲ್ಲಿ ಇಟ್ಕೊಂಡು ಮ್ಯೂಸಿಯಂಗೆ ಬಂದ್ರು, ಜೊತೆಗೆ ಸೈಕಲ್ ತಂಡ. ಮೂವತ್ತೆರಡು ಮೆಟ್ಟಿಲು ಹತ್ತೋಕೆ ಅವರಿಗೆ ಅರ್ಧ ಗಂಟೆ ಹಿಡೀತು. ಮೆಟ್ಟಿಲಿನ ತುಂಬ ಜನ. ಕರಡಿಗೆ ಬ್ರಷ್ ಹಾಕಿದ ಮನುಷ್ಯನನ್ನ ನೋಡಬೇಕು, ಅವರ ಕರಡೀನೂ ನೋಡಬೇಕು ಅಂತ ಬೆಳಿಗ್ಗೆಯಿಂದ ಸಾಲು ಹೊರಗಿನ ರಸ್ತೆ ತನಕ ಬಂದಿತ್ತು.

ಒಳಗೆ ನಮ್ಮನೆಯವರು ಸಂರಕ್ಷಣೆ ಮಾಡ್ತಿದ್ರು. ಏಣಿಯ ಹಿಂದೆ ಅರ್ಧ ಮರೆಯಾಗಿ, ಕಿಟಕಿಯ ಪರದೆ ಸರಿಸೋ ಉದ್ದದ ಕೋಲಿನ ತುದಿಗೆ ಬ್ರಷ್ ಕಟ್ಟಿ, ಹತ್ತಡಿ ದೂರದಿಂದ ಕರಡಿಯ ಬೆನ್ನಿಗೆ ಮುಟ್ಟಿಸಿ ಮುಟ್ಟಿಸಿ ತೆಗೀತಿದ್ರು. ಇಪ್ಪತ್ತೆರಡು ವರ್ಷ ತಬ್ಬಿಕೊಂಡು ಉಜ್ಜಿದ ಕರಡಿ ಅದು. ಅಲ್ಲಾಡಿಸಬೇಡ, ದಯವಿಟ್ಟು ಅಲ್ಲಾಡಿಸಬೇಡ ಅಂತ ಬೇಡ್ಕೊಳ್ತಿದ್ರು, ಹಣೆ ಮೇಲೆ ಬೆವರು. ಅವರ ಮುಖ ನೋಡಿ ಜನರೆಲ್ಲ ಉಸಿರು ಬಿಗಿ ಹಿಡಿದಿದ್ರು. ಯಾರದೋ ಕಾಲು ತಾಗಿ ಹಲಗೆ ಕಿರ್ ಅಂತು. ಹಾಲಿನ ಅಷ್ಟೂ ಜನ ಒಟ್ಟಿಗೆ ಹಿಂದೆ ಹಾರಿದ್ರು, ಸಾಹೇಬರು ಡಾಕ್ಟರ ಬೆನ್ನ ಹಿಂದೆ ಅಡಗಿದ್ರು.

ಸ್ವಲ್ಪ ಹೊತ್ತಾದ ಮೇಲೆ ಸಾಹೇಬರು ಅಲ್ಲೇ ಡಾಕ್ಟರ ಬೆನ್ನ ಮೇಲೆ ಫೈಲ್ ಇಟ್ಟು, ವಿಲೇವಾರಿ ಅನ್ನೋದನ್ನ ಹೊಡೆದುಹಾಕಿ, ಎರಡು ಸಾಲು ಬರೆದು ಸಹಿ ಮಾಡಿದ್ರು. ಒಂದು, ಹಾಲ್ ಇದ್ದ ಹಾಗೇ ಇರತಕ್ಕದ್ದು. ಎರಡು, ಬ್ರಷ್‌ಗೆ ಹತ್ತಡಿ ಹಿಡಿ ಮಂಜೂರಾಗಿದೆ.

ಈಗ ನಮ್ಮನೆಯವರು ತಟ್ಟೆ ನೋಡಿಯೇ ಊಟ ಮಾಡ್ತಾರೆ. ಆ ಉದ್ದದ ಹಿಡಿಯಲ್ಲಿ ಬೆನ್ನು, ಹೊಟ್ಟೆ, ಬಾಲ ಎಲ್ಲ ಚೆನ್ನಾಗೇ ಆಗುತ್ತೆ. ಕಿವಿಯೊಂದು ಆಗೋದಿಲ್ಲ. ಅದಕ್ಕೆ ಪ್ರತಿ ಶನಿವಾರ ಬುತ್ತಿ ತಗೊಂಡು ನಾನೇ ಮೆಟ್ಟಿಲು ಹತ್ತಿ ಹೋಗ್ತೀನಿ. ಅವರು ಬಾಗಿಲ ಹತ್ರ ಓಡೋಕೆ ತಯಾರಾಗಿ ನಿಂತಿರ್ತಾರೆ. ನಾನು ಕರಡಿಯ ಕಿವಿ ಎತ್ತಿ ಊದಿ ಬರ್ತೀನಿ.